ಕೆಮ್ಮಣ್ಣಿನಲ್ಲಿ ಹಳದಿ ಚಿಗುರು: ಹೂದೋಟದ ಪ್ರಶ್ನೋತ್ತರ

ಮಳೆಗಾಲದುದ್ದಕ್ಕೂ ಕೊಳೆರೋಗ ಮತ್ತು ಬಸವನಹುಳುಗಳ ಬಗ್ಗೆ ಬರುತ್ತಿದ್ದ ಪತ್ರಗಳು ಅಕ್ಟೋಬರ್ ಹೊತ್ತಿಗೆ ಕಡಿಮೆಯಾಗಿ, ಎಲೆ ಹಳದಿಯಾಗಿದೆ, ಯಾವ ಗೊಬ್ಬರ ಹಾಕಬೇಕು ಎಂದು ಕೇಳುವ ಪತ್ರಗಳು ಹೆಚ್ಚುತ್ತವೆ. ಈ ಸಂಚಿಕೆಗೆ ಆರಿಸಿಕೊಂಡವೆಲ್ಲ ಉತ್ತರ ಕನ್ನಡ ಜಿಲ್ಲೆಯ ಪತ್ರಗಳು. ಉತ್ತರಕ್ಕೆ ಮೊದಲು ಬರೆಯುವವರಲ್ಲಿ ಒಂದು ಕೋರಿಕೆಯಿದೆ: ಹಳದಿಯಾದದ್ದು ಬುಡದ ಹಳೆಯ ಎಲೆಯೋ ತುದಿಯ ಹೊಸ ಎಲೆಯೋ ಎಂಬುದನ್ನು ದಯವಿಟ್ಟು ತಪ್ಪದೆ ತಿಳಿಸಿ. ಸಾರಜನಕ, ರಂಜಕ, ಪೊಟ್ಯಾಶ್ ಮತ್ತು ಮೆಗ್ನೀಸಿಯಂಗಳನ್ನು ಗಿಡವು ಒಂದು ಎಲೆಯಿಂದ ಬಿಡಿಸಿ ಇನ್ನೊಂದಕ್ಕೆ ಸಾಗಿಸಬಲ್ಲದು. ಆದ್ದರಿಂದ ಇವು ಕಡಿಮೆಯಾದಾಗ ಹಳೆಯ ಎಲೆಯಲ್ಲಿರುವುದನ್ನು ಹೀರಿ ಚಿಗುರಿಗೆ ಕೊಡುತ್ತದೆ, ಲಕ್ಷಣವೂ ಹಳೆಯ ಎಲೆಯಲ್ಲೇ ಮೊದಲು ಕಾಣುತ್ತದೆ. ಕಬ್ಬಿಣ, ಮ್ಯಾಂಗನೀಸ್, ಕ್ಯಾಲ್ಸಿಯಂ, ಬೋರಾನ್‌ಗಳು ಒಮ್ಮೆ ಎಲೆಯಲ್ಲಿ ನೆಲೆನಿಂತವೆಂದರೆ ಅಲ್ಲಿಂದ ಕದಲುವುದು ಬಹಳ ಕಡಿಮೆ. ಬೇರಿನಿಂದ ಹೊಸ ಪೂರೈಕೆ ನಿಂತ ಕೂಡಲೇ ಚಿಗುರು ಸೊರಗುತ್ತದೆ, ಹಳೆಯ ಎಲೆಗಳು ಹಸಿರಾಗಿಯೇ ಉಳಿಯುತ್ತವೆ. ಇಷ್ಟು ತಿಳಿದರೆ ಅರ್ಧ ಉತ್ತರ ಸಿಕ್ಕಂತೆಯೇ.

ಪ್ರಶ್ನೆ: ಕಾರವಾರದಲ್ಲಿ ಹೊಸ ಮನೆ ಕಟ್ಟಿಸಿ, ಚಿರೇಕಲ್ಲಿನ ಕಂಪೌಂಡಿಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಅದರ ಉದ್ದಕ್ಕೂ ಇಕ್ಸೋರಾ ಗಿಡಗಳನ್ನು ನೆಟ್ಟಿದ್ದೇವೆ. ಚಿಗುರೆಲೆಗಳೆಲ್ಲ ಹಳದಿ, ನರಗಳು ಮಾತ್ರ ಹಸಿರು. ಅಂಗಡಿಯವರು ಹೇಳಿದಂತೆ ಯೂರಿಯಾ ಕೊಟ್ಟೆವು, ಆಮೇಲೆ ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಸಮವಾಗಿರುವ 19:19:19 ಗೊಬ್ಬರ ಕೊಟ್ಟೆವು. ಚಿಗುರು ಹೆಚ್ಚಿತು, ಆದರೆ ಇನ್ನಷ್ಟು ಬಿಳಿಚಿಕೊಂಡಿತು. ಕಬ್ಬಿಣದ ಕೊರತೆ ಇರಬೇಕೆಂದು ಪರಿಚಿತರೊಬ್ಬರು ಹೇಳುತ್ತಾರೆ. ನಮ್ಮ ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ ಅಲ್ಲವೇ? ಹಾಗಿದ್ದ ಮೇಲೆ ಕೊರತೆ ಹೇಗೆ ಬಂತು?

ಉತ್ತರ: ನಿಮ್ಮ ಪರಿಚಿತರು ಹೇಳಿದ್ದು ಸರಿ, ನಿಮ್ಮ ಸಂದೇಹವೂ ಸರಿ. ಮಣ್ಣಿನಲ್ಲಿ ಕಬ್ಬಿಣ ಧಾರಾಳವಾಗಿದೆ, ಆದರೆ ಅದು ತುಕ್ಕಿನ ರೂಪದಲ್ಲಿದೆ. ತುಕ್ಕು ನೀರಿನಲ್ಲಿ ಕರಗದ ವಸ್ತು; ಬೇರು ಅದನ್ನು ಕರಗಿಸಿಕೊಂಡರಷ್ಟೇ ಗಿಡಕ್ಕೆ ದಕ್ಕುತ್ತದೆ. ಮಣ್ಣು ಹುಳಿಯಾಗಿದ್ದಷ್ಟೂ, ಅಂದರೆ ರಸಸಾರ (ಪಿ.ಎಚ್.) ಕಡಿಮೆಯಿದ್ದಷ್ಟೂ, ಈ ಕೆಲಸ ಸುಲಭ. ರಸಸಾರವು ಒಂದು ಅಂಕ ಮೇಲೇರಿದರೆ ಕಬ್ಬಿಣದ ಕರಗುವಿಕೆ ಸುಮಾರು 1000 ಪಟ್ಟು ಕುಸಿಯುತ್ತದೆ. ನಮ್ಮ ಗುಡ್ಡಗಳ ಮಣ್ಣು ಸಹಜವಾಗಿಯೇ ಹುಳಿ. ನೀವು ಇಕ್ಸೋರಾ ಎಂದು ನರ್ಸರಿಯಿಂದ ತಂದ ಗಿಡವು ನಮ್ಮ ಕೇಪಳದ, ಅಂದರೆ ಗುಡ್ಡೆ ದಾಸವಾಳದ ಬಳಗದ್ದು. ಯಾರೂ ಗೊಬ್ಬರ ಹಾಕದ ಗುಡ್ಡದ ಓರೆಯಲ್ಲಿ ಅದು ಮೈತುಂಬ ಕೆಂಪಗೆ ಅರಳುವುದನ್ನು ನೀವು ನೋಡಿಯೇ ಇರುತ್ತೀರಿ. ಅದೇ ಗಿಡ ನಿಮ್ಮ ಕಂಪೌಂಡಿನ ಬುಡದಲ್ಲಿ ಸೊರಗಿದ್ದರೆ, ಗುಡ್ಡದಲ್ಲಿ ಇಲ್ಲದ್ದು ಅಲ್ಲಿ ಏನಿದೆ ಎಂದು ಕೇಳಿಕೊಳ್ಳಬೇಕು.

ಅಲ್ಲಿರುವುದು ಸಿಮೆಂಟು. ಪ್ಲಾಸ್ಟರ್ ಮಾಡುವಾಗ ಉದುರಿದ ಗಾರೆ, ಒಡೆದ ಕಾಂಕ್ರೀಟ್ ಚೂರು, ಗೋಡೆಗೆ ಬಳಿದ ಸುಣ್ಣ, ಇವೆಲ್ಲ ಬುಡದಲ್ಲೇ ಹೂತು ಹೋಗಿರುತ್ತವೆ, ಮಳೆ ಬಂದಾಗಲೆಲ್ಲ ಗೋಡೆಯಿಂದ ಇನ್ನಷ್ಟು ಸುಣ್ಣದಂಶ ಇಳಿದು ಬರುತ್ತದೆ. ಪಾಯದ ಪಕ್ಕದ ಒಂದೆರಡು ಅಡಿ ಅಗಲದ ಪಟ್ಟಿ ಹೀಗೆ ಕ್ಷಾರೀಯವಾಗಿರುತ್ತದೆ, ಹತ್ತು ಹೆಜ್ಜೆ ಆಚೆಗಿನ ಅಂಗಳದ ಮಣ್ಣು ಹುಳಿಯಾಗಿಯೇ ಇರುತ್ತದೆ. ಪರೀಕ್ಷಿಸಲು ಬುಡದ ಒಣ ಮಣ್ಣನ್ನು ಒಂದು ಚಮಚದಷ್ಟು ತಟ್ಟೆಯಲ್ಲಿ ಹಾಕಿ, ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಸುಣ್ಣವಿದ್ದರೆ ಸಣ್ಣಗೆ ಗುಳ್ಳೆಯೆದ್ದು ಸದ್ದು ಮಾಡುತ್ತದೆ. ಅಂಗಳದ ನಡುವಿನ ಮಣ್ಣಿಗೂ ಹಾಗೆಯೇ ಹಾಕಿ ಹೋಲಿಸಿ ನೋಡಿ. ನಮ್ಮ ಕಡೆಯ ಇನ್ನೊಂದು ರೂಢಿಯನ್ನೂ ಇಲ್ಲಿ ಹೇಳಬೇಕು: ಬಚ್ಚಲೊಲೆಯ ಬೂದಿಯನ್ನು ಹೂವಿನ ಗಿಡದ ಬುಡಕ್ಕೆ ಸುರಿಯುವುದು. ಬೂದಿಯಲ್ಲಿ ಪೊಟ್ಯಾಶ್ ಮತ್ತು ಸುಣ್ಣ ಚೆನ್ನಾಗಿರುವುದರಿಂದ ಬಾಳೆಗೆ, ತರಕಾರಿಗೆ ಅದು ಒಳ್ಳೆಯದೇ. ಕೇಪಳಕ್ಕೆ ಮತ್ತು ಗಂಧರಾಜಕ್ಕೆ ಮಾತ್ರ ಅದನ್ನು ಹಾಕಬಾರದು.

ಇನ್ನು ಯೂರಿಯಾದ ವಿಷಯ. ಸಾರಜನಕ ಸಿಕ್ಕಿದ ಗಿಡ ಹೊಸ ಎಲೆಗಳನ್ನು ಹೆಚ್ಚು ಹೆಚ್ಚು ಬಿಟ್ಟಿತು. ಬೇರಿನಿಂದ ಬರುತ್ತಿದ್ದ ಅಲ್ಪ ಕಬ್ಬಿಣವನ್ನೇ ಅಷ್ಟೂ ಎಲೆಗಳಿಗೆ ಹಂಚಬೇಕಾಗಿ ಬಂದದ್ದರಿಂದ ಒಂದೊಂದು ಎಲೆಯ ಪಾಲೂ ಕುಗ್ಗಿತು. 19:19:19ರಲ್ಲಿರುವ ರಂಜಕವು ಕಬ್ಬಿಣವನ್ನು ಮತ್ತಷ್ಟು ಕಟ್ಟಿಹಾಕಿತು. ಆದ್ದರಿಂದ ಸದ್ಯಕ್ಕೆ ಎರಡನ್ನೂ ನಿಲ್ಲಿಸಿ.

ಕಬ್ಬಿಣವೇ ಹೌದೇ ಎಂದು ಖಚಿತಪಡಿಸಿಕೊಳ್ಳಲು ಖರ್ಚಿಲ್ಲದ ದಾರಿಯೊಂದಿದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು ಸ್ವಲ್ಪ ನಿಂಬೆರಸ ಬೆರೆಸಿ, ಹತ್ತಿಯ ಉಂಡೆಯನ್ನು ಅದರಲ್ಲಿ ಅದ್ದಿ, ಒಂದು ಹಳದಿ ಎಲೆಯ ನಡುನರದ ಒಂದು ಬದಿಗೆ ಮಾತ್ರ ಸವರಿ, ಇನ್ನೊಂದು ಬದಿಯನ್ನು ಹಾಗೆಯೇ ಬಿಡಿ. ಹಸಿರು ಬಣ್ಣ ಮೂಡುವುದಾದರೆ ಸುಮಾರು ಒಂದು ವಾರದಿಂದ ಹತ್ತು ದಿನಗಳೊಳಗೆ ಸವರಿದ ಬದಿಯಲ್ಲಷ್ಟೇ, ಮೊದಲು ಚುಕ್ಕೆ ಚುಕ್ಕೆಯಾಗಿ, ಆಮೇಲೆ ತೇಪೆ ತೇಪೆಯಾಗಿ ಮೂಡುತ್ತದೆ. ಏನೂ ಆಗದಿದ್ದರೆ ಇನ್ನೊಂದು ಎಲೆಯ ಮೇಲೆ ಮ್ಯಾಂಗನೀಸ್ ಸಲ್ಫೇಟನ್ನು ಇದೇ ಬಗೆಯಲ್ಲಿ ಸವರಿ ನೋಡಬಹುದು, ಏಕೆಂದರೆ ಎರಡರ ಲಕ್ಷಣಗಳೂ ಬಹುಮಟ್ಟಿಗೆ ಒಂದೇ, ಕ್ಷಾರೀಯ ಮಣ್ಣಿನಲ್ಲಿ ಎರಡೂ ಒಟ್ಟಿಗೆ ಕೈಕೊಡುವುದೂ ಉಂಟು.

ಖಚಿತವಾದ ಮೇಲೆ ಇದೇ ದ್ರಾವಣವನ್ನು ಸಂಜೆಯ ಹೊತ್ತು ಇಡೀ ಗಿಡಕ್ಕೆ ಸಿಂಪಡಿಸಬಹುದು. ಗೋಡೆಗೆ ತಗುಲದಂತೆ ಮಾತ್ರ ನೋಡಿಕೊಳ್ಳಿ, ಬಣ್ಣ ಬಳಿದ ಗೋಡೆಯ ಮೇಲೆ ಬಿದ್ದ ಕಂದು ಕಲೆ ತೊಳೆದರೂ ಹೋಗುವುದಿಲ್ಲ. ಆದರೆ ಸಿಂಪಡಣೆಯಿಂದ ಇರುವ ಎಲೆಗಳಷ್ಟೇ ಹಸಿರಾಗುತ್ತವೆ, ಮುಂದಿನ ಚಿಗುರು ಮತ್ತೆ ಹಳದಿಯಾಗಿಯೇ ಬರುತ್ತದೆ. ಬುಡಕ್ಕೆ ಫೆರಸ್ ಸಲ್ಫೇಟ್ ಹಾಕಿದರೆ ಸುಣ್ಣದ ಮಣ್ಣಿನಲ್ಲಿ ಅದು ಕೆಲವೇ ದಿನಗಳಲ್ಲಿ ತುಕ್ಕಾಗಿ ಬಿಡುತ್ತದೆ. ಕೀಲೇಟ್ ರೂಪದ ಕಬ್ಬಿಣ, ಅಂದರೆ ತುಕ್ಕಾಗದಂತೆ ಇನ್ನೊಂದು ವಸ್ತು ಹಿಡಿದಿಟ್ಟುಕೊಂಡ ಕಬ್ಬಿಣ ಕೊಳ್ಳುವುದಾದರೆ ಪೊಟ್ಟಣದ ಮೇಲಿನ ಹೆಸರನ್ನು ಓದಿ: ಇ.ಡಿ.ಟಿ.ಎ. ಎಂಬುದು ರಸಸಾರ ಸುಮಾರು 6.5 ದಾಟಿದ ಮೇಲೆ ಉಪಯೋಗಕ್ಕೆ ಬರುವುದಿಲ್ಲ, ಡಿ.ಟಿ.ಪಿ.ಎ. ಸುಮಾರು 7.5ರವರೆಗೆ ತಾಳುತ್ತದೆ, ಇ.ಡಿ.ಡಿ.ಎಚ್.ಎ. ಅದಕ್ಕೂ ಮೇಲೆ ನಿಲ್ಲುತ್ತದೆ, ಬೆಲೆಯೂ ಹೆಚ್ಚು. ನನ್ನನ್ನು ಕೇಳಿದರೆ ಆ ಹಣದಲ್ಲಿ ಒಬ್ಬ ಆಳನ್ನು ಹಿಡಿದು, ಬುಡದ ಗಾರೆ ಚೂರುಗಳನ್ನೆಲ್ಲ ಅಗೆದು ತೆಗೆಸಿ, ಗುಡ್ಡದ ಕೆಮ್ಮಣ್ಣಿಗೆ ಕೊಳೆತ ದರಕು (ಉದುರಿದ ಒಣ ಎಲೆ) ಬೆರೆಸಿ ತುಂಬಿಸುವುದೇ ಮೇಲು. ಗೋಡೆಯಿಂದ ಎರಡು ಅಡಿ ಆಚೆಗೆ ಗಿಡವನ್ನು ಸರಿಸಿ ನೆಡುವುದು ಸಾಧ್ಯವಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಹೊನ್ನಾವರದ ಹತ್ತಿರ, ಸಮುದ್ರಕ್ಕೆ ಸಮೀಪದಲ್ಲಿ ನಮ್ಮದೊಂದು ಹೋಮ್‌ಸ್ಟೇ ಇದೆ. ಅಂಗಳದ ಮರಳಿನಲ್ಲಿ ಅರೆಕಾ ಪಾಮ್, ಫಾಕ್ಸ್‌ಟೇಲ್ ಪಾಮ್ ನೆಟ್ಟಿದ್ದೇವೆ. ಕೆಳಗಿನ ಗರಿಗಳಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು ಬಂದು, ತುದಿ ಸುಟ್ಟಂತಾಗುತ್ತದೆ. ಚಂದ ಕಾಣುವುದಿಲ್ಲವೆಂದು ತೋಟದ ಕೆಲಸದವರು ಆಗಾಗ ಅವನ್ನು ಕತ್ತರಿಸುತ್ತಾರೆ. ಸ್ವಲ್ಪ ದಿನದಲ್ಲಿ ಮೇಲಿನ ಗರಿಗಳೂ ಹಾಗೆಯೇ ಆಗುತ್ತವೆ. ಎರಡು ಮರಗಳ ಸುಳಿಯ ಗರಿ ಗಿಡ್ಡವಾಗಿ, ಮುದುರಿಕೊಂಡು ಬರುತ್ತಿದೆ. ತೆಂಗಿಗೆ ಹಾಕುವಂತೆ ಸಾಣಿಕಟ್ಟೆಯ ಉಪ್ಪು ಹಾಕಿದರೆ ಆದೀತೇ?

ಉತ್ತರ: ಮೊದಲು ಗರಿ ಕತ್ತರಿಸುವುದನ್ನು ನಿಲ್ಲಿಸಿ. ನೀವು ವರ್ಣಿಸಿದ್ದು ಪೊಟ್ಯಾಶ್ ಕೊರತೆಯ ನೇರ ಲಕ್ಷಣ. ಹಳೆಯ ಗರಿಯೊಂದನ್ನು ಬಿಸಿಲಿಗೆ ಹಿಡಿದು ನೋಡಿ; ಚುಕ್ಕೆಗಳ ಮೂಲಕ ಬೆಳಕು ಹಾಯುತ್ತಿದ್ದರೆ ಅನುಮಾನ ಉಳಿಯುವುದಿಲ್ಲ. ಮಣ್ಣಿನಲ್ಲಿ ಪೊಟ್ಯಾಶ್ ಸಿಗದ ಪಾಮ್ ಮರವು ತನ್ನ ಕೆಳಗಿನ ಗರಿಗಳಿಂದ ಅದನ್ನು ಹೀರಿಕೊಂಡು ಸುಳಿಯನ್ನು ಸಾಕುತ್ತಿರುತ್ತದೆ. ಆ ಗರಿಗಳನ್ನು ಕತ್ತರಿಸಿ ತೆಗೆದರೆ ಮರದ ಉಗ್ರಾಣವನ್ನೇ ಬರಿದು ಮಾಡಿದಂತೆ. ಅದು ಮೇಲಿನ ಸಾಲಿನ ಗರಿಗಳಿಗೆ ಕೈಹಾಕುತ್ತದೆ. ನಿಮ್ಮ ಮರಗಳಲ್ಲಿ ಆಗುತ್ತಿರುವುದು ಇದೇ. ಗರಿ ಪೂರ್ತಿ ಒಣಗಿ ಕಂದಾದ ಮೇಲೆ ತೆಗೆಯಬಹುದು, ಅಲ್ಲಿಯವರೆಗೆ ಅತಿಥಿಗಳ ಕಣ್ಣಿಗೆ ಅಷ್ಟು ಹಿತವಾಗಿ ಕಾಣದಿದ್ದರೂ ಸಹಿಸಿಕೊಳ್ಳಬೇಕು.

ಕರಾವಳಿಯ ಮರಳಿಗೆ ಪೋಷಕಾಂಶಗಳನ್ನು ಹಿಡಿದಿಡುವ ಶಕ್ತಿ ತೀರಾ ಕಡಿಮೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುವ ಜಾಗದಲ್ಲಿ, ಮೇ ಕೊನೆಗೆ ಹಾಕಿದ ಗೊಬ್ಬರದ ಪೊಟ್ಯಾಶ್, ಮೆಗ್ನೀಸಿಯಂ, ಸಾರಜನಕಗಳು ಆಷಾಢ ಮುಗಿಯುವುದರೊಳಗೆ ಬೇರಿನ ಕೈಗೆ ಸಿಗದಷ್ಟು ಆಳಕ್ಕೆ ಇಳಿದಿರುತ್ತವೆ. ಆದ್ದರಿಂದ ಜಡಿಮಳೆ ಕಳೆದ ಮೇಲೆ, ಸೆಪ್ಟೆಂಬರ್ ಕೊನೆಯಿಂದ, ಸಣ್ಣ ಸಣ್ಣ ಕಂತುಗಳಲ್ಲಿ ಕೊಡಿ. ಪಾಮ್ ಮರಗಳಿಗೆ ಕೊಡುವ ಮಿಶ್ರಣದಲ್ಲಿ ಪೊಟ್ಯಾಶ್ ಪ್ರಮಾಣ ಸಾರಜನಕಕ್ಕಿಂತ ಹೆಚ್ಚಿರಬೇಕು, ರಂಜಕ ನಾಮಮಾತ್ರಕ್ಕೆ ಸಾಕು, ಜೊತೆಗೆ ಮೆಗ್ನೀಸಿಯಂ ಇರಲೇಬೇಕು. ಏಕೆಂದರೆ ಪೊಟ್ಯಾಶ್ ಒಂದನ್ನೇ ಸುರಿದರೆ ಮೆಗ್ನೀಸಿಯಂ ಹೀರಿಕೆ ಕುಗ್ಗಿ, ಹಳೆಯ ಗರಿಗಳ ನಡುಭಾಗ ಹಸಿರಾಗಿದ್ದು ಅಂಚಿನುದ್ದಕ್ಕೂ ಅಗಲವಾದ ಹಳದಿ ಪಟ್ಟಿ ಕಾಣಿಸಿಕೊಳ್ಳುತ್ತದೆ. ನಿಧಾನವಾಗಿ ಕರಗುವ ಗೊಬ್ಬರ ಸಿಕ್ಕರೆ ಅದೇ ಉತ್ತಮ. ಮರಳಿಗೆ ಕಾಂಪೋಸ್ಟ್, ದರಕು, ತೆಂಗಿನ ಸಿಪ್ಪೆಯ ಹೊದಿಕೆ ಕೊಟ್ಟಷ್ಟೂ ಗೊಬ್ಬರ ಅಲ್ಲಿ ನಿಲ್ಲುತ್ತದೆ. ಪಾಮ್ ಎಲೆಗಳ ಮೇಲೆ ಪೊಟ್ಯಾಶ್ ಅಥವಾ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಸಿಂಪಡಿಸುವುದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಬೇಕಾಗುವ ಪ್ರಮಾಣವೇ ದೊಡ್ಡದು, ಅದು ಬೇರಿನ ಮೂಲಕವೇ ಹೋಗಬೇಕು.

ಸುಳಿಯ ವಿಷಯ ಬೇರೆ. ಹೊಸ ಗರಿ ಕೃಶವಾಗಿ, ತುದಿ ಸುರುಟಿ, ಬೆಂಕಿ ತಗುಲಿದಂತೆ ಕಂಡರೆ ಮ್ಯಾಂಗನೀಸ್ ಕೊರತೆಯನ್ನು ಶಂಕಿಸಬೇಕು. ಎಲೆಯ ತುದಿ ಕೊಕ್ಕೆಯಂತೆ ಬಾಗಿದ್ದರೆ ಅಥವಾ ಗರಿ ಬಿಚ್ಚಿಕೊಳ್ಳದೆ ಮಡಿಕೆ ಮಡಿಕೆಯಾಗಿ ಗಿಡ್ಡವಾಗಿದ್ದರೆ ಬೋರಾನ್ ಕೊರತೆಯನ್ನು ಶಂಕಿಸಬೇಕು. ನಿಮ್ಮ ಅಂಗಳದ ಮರಳಿನಲ್ಲಿ ಬೆಳಚು, ಚಿಪ್ಪಿಯ ಚೂರುಗಳು ಬಹಳವಿದ್ದರೆ ಕಾರವಾರದ ಗೋಡೆಯ ಬುಡದ ಕಥೆಯೇ ಇಲ್ಲಿಯೂ ನಡೆದಿರುತ್ತದೆ: ಚಿಪ್ಪಿಯೆಂದರೆ ಸುಣ್ಣ, ಸುಣ್ಣವಿದ್ದಲ್ಲಿ ಮ್ಯಾಂಗನೀಸ್ ಕರಗುವುದಿಲ್ಲ. ಮ್ಯಾಂಗನೀಸ್ ಸಲ್ಫೇಟ್ ಕೊಡಲು ಅಂಜಬೇಕಾಗಿಲ್ಲ. ಬೋರಾಕ್ಸನ್ನು ಮಾತ್ರ ಊಹೆಯ ಮೇಲೆ ಹಾಕಬೇಡಿ. ಬೋರಾನಿನಲ್ಲಿ ಕೊರತೆಗೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು. ಮಣ್ಣು ಮತ್ತು ಎಲೆಯ ಮಾದರಿಯೊಂದಿಗೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಪ್ರಮಾಣ ನಿರ್ಧರಿಸಿಕೊಳ್ಳುವುದು ಒಳ್ಳೆಯದು.

ಉಪ್ಪು ಬೇಡ. ತೆಂಗಿಗೆ ಉಪ್ಪು ಹಾಕುವ ರೂಢಿಗೆ ಆಧಾರವಿದೆ: ತೆಂಗು ಕ್ಲೋರಿನ್ ಅಂಶವನ್ನು ಹೆಚ್ಚಾಗಿ ಬಯಸುವ ಮರ, ಉಪ್ಪನ್ನೂ ತಾಳಿಕೊಳ್ಳುತ್ತದೆ. ಅರೆಕಾ ಪಾಮ್ ಮಡಗಾಸ್ಕರಿನದು, ಅದಕ್ಕೆ ತೆಂಗಿನ ಆ ಸಹನೆಯಿಲ್ಲ. ಅದೂ ಅಲ್ಲದೆ ಸಮುದ್ರದ ಗಾಳಿಯೇ ಬೇಕಾದಷ್ಟು ಉಪ್ಪನ್ನು ತರುತ್ತಿದೆ. ಗಾಳಿಯ ಉಪ್ಪಿನಿಂದಾದ ಸುಡುಗಾಯವನ್ನು ಕೊರತೆಯೆಂದು ತಪ್ಪು ತಿಳಿಯದಿರಲು ಗಿಡದ ಸುತ್ತ ಒಮ್ಮೆ ನಡೆದು ನೋಡಿ: ಉಪ್ಪು ಸಮುದ್ರದ ಕಡೆಗೆ ಮುಖ ಮಾಡಿದ ಎಲೆಗಳನ್ನು ಹಳತು ಹೊಸತೆನ್ನದೆ ಸುಡುತ್ತದೆ, ಕೊರತೆಯಾದರೆ ಸುತ್ತಲೂ ಒಂದೇ ವಯಸ್ಸಿನ ಎಲೆಗಳಲ್ಲಿ ಕಾಣುತ್ತದೆ. ಈಗಾಗಲೇ ಚುಕ್ಕೆ ಬಂದ ಗರಿಗಳು ಮತ್ತೆ ಹಸಿರಾಗುವುದಿಲ್ಲ. ಹೊಸ ಗರಿಗಳು ಆ ಜಾಗವನ್ನು ತುಂಬುವವರೆಗೆ, ಒಂದೆರಡು ವರ್ಷವಾದರೂ, ಕಾಯಬೇಕಾಗುತ್ತದೆ.

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯಲ್ಲಿ ಮನೆಯ ಹಿಂಬದಿಯ ನೆರಳುಬಲೆಯಡಿ ಆಂಥೂರಿಯಂ ಬೆಳೆಸಿದ್ದೇನೆ. ಬೇರು ಬಿಡಲು ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆ ಬಳಸಿದ್ದೇನೆ. ವಾರಕ್ಕೊಮ್ಮೆ ಸಗಣಿ ಬಗ್ಗಡದ ತಿಳಿ, ನಡುನಡುವೆ ಸ್ವಲ್ಪ ಯೂರಿಯಾ ಕೊಡುತ್ತೇನೆ. ಎಲೆಗಳು ದಟ್ಟ ಹಸಿರಾಗಿ ದೊಡ್ಡದಾಗಿವೆ. ಆದರೆ ಮಳೆಗಾಲದಲ್ಲಿ ಬಿಟ್ಟ ಹೂಗಳ ಕೆಂಪು ದಳದ ಅಂಚು, ಅದರಲ್ಲೂ ಮೇಲ್ಭಾಗದ ಕಿವಿಗಳು, ಕಂದಿ ನೀರು ಕುಡಿದಂತಾಗಿ ಒಣಗುತ್ತವೆ. ಔಷಧ ಹೊಡೆದರೂ ನಿಲ್ಲಲಿಲ್ಲ.

ಉತ್ತರ: ರೋಗವಲ್ಲದ್ದಕ್ಕೆ ಔಷಧ ಹೊಡೆದರೆ ನಿಲ್ಲುವುದಿಲ್ಲ. ಎಲೆಯ ಅಂಚಿನಲ್ಲಿ ಹಳದಿ ಬಳೆಯುಳ್ಳ ಕಲೆಗಳಿದ್ದರೆ ದುಂಡಾಣು ಅಂಗಮಾರಿ ಎನ್ನಬಹುದಿತ್ತು. ಹೂವಿನ ನಡುವಿನ ಕೋಲಿನ ಮೇಲೆ ಕಪ್ಪು ಚುಕ್ಕೆಗಳಿದ್ದರೆ ಶಿಲೀಂಧ್ರ ಎನ್ನಬಹುದಿತ್ತು. ನೀವು ಬರೆದಿರುವುದು ಎರಡೂ ಅಲ್ಲ. ಹವಾಯಿಯ ಆಂಥೂರಿಯಂ ತೋಟಗಳಲ್ಲಿ ಇದೇ ಲಕ್ಷಣ ದೊಡ್ಡ ತೊಂದರೆಯಾಗಿತ್ತು, ಅದಕ್ಕೆ ಕ್ಯಾಲ್ಸಿಯಂ ಕೊರತೆಯೇ ಕಾರಣವೆಂದು ಅಲ್ಲಿನ ಸಂಶೋಧಕರು ತೋರಿಸಿಕೊಟ್ಟರು.

ಕ್ಯಾಲ್ಸಿಯಂ ಗಿಡದೊಳಗೆ ಚಲಿಸುವುದು ನೀರಿನ ಹರಿವಿನೊಂದಿಗೆ, ಎಲೆಯಿಂದ ನೀರು ಆವಿಯಾಗುತ್ತಿದ್ದರೆ ಮಾತ್ರ. ನಿಮ್ಮಲ್ಲಿ ಜುಲೈ ತಿಂಗಳಲ್ಲಿ ಒಗೆದ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ; ಎಲೆ ಬೆವರುವುದಾದರೂ ಎಲ್ಲಿಂದ? ಇದ್ದಷ್ಟು ಹರಿವೂ ದೊಡ್ಡ ಎಲೆಗಳಿಗೆ ಹೋಗುತ್ತದೆ, ಮೆಲ್ಲನೆ ಬೆವರುವ ಹೂದಳಕ್ಕೆ ಉಳಿಯುವುದು ಅಲ್ಪ. ಅದರ ಮೇಲೆ ನೀವು ಕೊಡುತ್ತಿರುವ ಯೂರಿಯಾದಿಂದ ಬರುವ ಅಮೋನಿಯಂ ಮತ್ತು ಸಿಪ್ಪೆಯಲ್ಲಿರುವ ಪೊಟ್ಯಾಶ್ ಎರಡೂ ಬೇರಿನ ಬಾಗಿಲಲ್ಲಿ ಕ್ಯಾಲ್ಸಿಯಮ್ಮಿಗೆ ಅಡ್ಡ ಬರುತ್ತವೆ, ತೆಂಗಿನ ಸಿಪ್ಪೆಯು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ.

ಯೂರಿಯಾ ನಿಲ್ಲಿಸಿ, ಬಗ್ಗಡದ ತಿಳಿಯನ್ನು ತಿಂಗಳಿಗೊಮ್ಮೆಗೆ ಇಳಿಸಿ. ಸಿಪ್ಪೆಯ ಮೇಲೆ ಅಲ್ಪ ಪ್ರಮಾಣದಲ್ಲಿ ಡಾಲೊಮೈಟ್ ಪುಡಿ ಉದುರಿಸಿ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಇವೆ. ಅಡಿಕೆ ತೋಟಕ್ಕೆ ಸುಣ್ಣ ಕೊಡುವ ಊರಿನವರಿಗೆ ಇದು ಹೊಸತೇನಲ್ಲ, ಆದರೆ ತೋಟದ ಲೆಕ್ಕದಲ್ಲಿ ಕುಂಡಕ್ಕೆ ಸುರಿಯಬೇಡಿ, ಆಂಥೂರಿಯಮ್ಮಿಗೆ ರಸಸಾರ 5.5ರಿಂದ 6.5ರ ನಡುವೆ ಇದ್ದರೆ ಹಿತ. ಮಳೆ ಬಿಟ್ಟ ದಿನಗಳಲ್ಲಿ ಲೀಟರಿಗೆ 1ರಿಂದ 2 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಬೇರಿಗೆ ಕೊಡಿ. ಅದೇ ಬಕೆಟ್ಟಿಗೆ ಎಪ್ಸಮ್ ಸಾಲ್ಟನ್ನಾಗಲಿ ರಂಜಕದ ಗೊಬ್ಬರವನ್ನಾಗಲಿ ಬೆರೆಸಬೇಡಿ. ತಳದಲ್ಲಿ ಬಿಳಿಯ ಗಸಿ ಕೂತು ಎರಡೂ ವ್ಯರ್ಥವಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಗಾಳಿಯಾಡುವಂತೆ ಮಾಡಿ: ಗಿಡಗಳ ನಡುವೆ ಅಂತರ ಬಿಡಿ, ಬುಡದ ಮುದಿ ಎಲೆಗಳನ್ನು ತೆಗೆಯಿರಿ, ಬಲೆಯ ಬದಿಗಳನ್ನು ಮೇಲಕ್ಕೆ ಕಟ್ಟಿ. ಈಗ ಕಂದಿರುವ ಹೂಗಳು ಸರಿಯಾಗುವುದಿಲ್ಲ, ಕತ್ತರಿಸಿಬಿಡಿ.

ಪ್ರಶ್ನೆ: ಅಂಕೋಲಾದ ನಮ್ಮ ಮನೆಯ ತಾರಸಿಯ ಕುಂಡಗಳಲ್ಲಿ ಹೈಬ್ರಿಡ್ ದಾಸವಾಳಗಳಿವೆ. ಹೂವಿಗೆ ರಂಜಕ ಬೇಕೆಂದು ಪ್ರತಿ ತಿಂಗಳೂ ಡಿ.ಎ.ಪಿ. ಮತ್ತು ಎಲುಬಿನ ಪುಡಿ ಹಾಕುತ್ತೇನೆ. ಹೂ ಕಡಿಮೆಯಾಗಿ, ಚಿಗುರು ಸಣ್ಣದಾಗಿ ಹಳದಿಯಾಗುತ್ತಿದೆ.

ಉತ್ತರ: ನೆಲದ ಕೆಮ್ಮಣ್ಣಿಗೆ ಹಾಕಿದ್ದರೆ ಅಲ್ಲಿನ ಕಬ್ಬಿಣ ಮತ್ತು ಅಲ್ಯೂಮಿನಿಯಂಗಳು ಈ ರಂಜಕದ ಹೆಚ್ಚಿನ ಪಾಲನ್ನು ಹಿಡಿದಿಟ್ಟುಕೊಂಡು ನಿಮ್ಮನ್ನು ಕಾಪಾಡುತ್ತಿದ್ದವು. ಕುಂಡದಲ್ಲಿ ಕೊಕೊಪೀಟ್, ಎರೆಗೊಬ್ಬರದ ಮಿಶ್ರಣಕ್ಕೆ ಆ ಶಕ್ತಿಯಿಲ್ಲ. ರಂಜಕ ಅಲ್ಲೇ ಕೂಡುತ್ತಾ ಹೋಗಿ ಕಬ್ಬಿಣ ಮತ್ತು ಸತುವನ್ನು ಬೇರಿಗೆ ಸಿಗದಂತೆ ಮಾಡಿದೆ. ದಾಸವಾಳ ಹೆಚ್ಚಾಗಿ ಕೇಳುವುದು ಪೊಟ್ಯಾಶನ್ನು, ರಂಜಕ ಅದಕ್ಕೆ ಬಹಳ ಕಡಿಮೆ ಸಾಕು. ಆರು ತಿಂಗಳು ಎರಡನ್ನೂ ಮುಟ್ಟಬೇಡಿ. ಪೊಟ್ಯಾಶಿಯಂ ಸಲ್ಫೇಟನ್ನು ಸ್ವಲ್ಪವೇ ಕೊಡುತ್ತಾ, ಕಬ್ಬಿಣ, ಸತು, ಮ್ಯಾಂಗನೀಸ್ ಇರುವ ಲಘು ಪೋಷಕಾಂಶ ಮಿಶ್ರಣವನ್ನು ಎಲೆಗೆ ಸಿಂಪಡಿಸಿ. ಕುಂಡಗಳಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಸಿಗುತ್ತಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಪ್ರಶ್ನೆ: ಸಿದ್ದಾಪುರದಿಂದ ಬರೆಯುತ್ತಿದ್ದೇನೆ. ಜಗಲಿಯೊಳಗೆ ಇಟ್ಟ ಮನಿಪ್ಲಾಂಟ್ ಮತ್ತು ಕ್ರೋಟನ್ ಗಿಡಗಳ ಬಣ್ಣ ಹೋಗಿ ಬರೀ ಹಸಿರಾಗುತ್ತಿವೆ. ಯಾವ ಪೋಷಕಾಂಶ ಕಡಿಮೆ?

ಉತ್ತರ: ಯಾವುದೂ ಅಲ್ಲ, ಕಡಿಮೆಯಾದದ್ದು ಬೆಳಕು. ಕ್ರೋಟನನ್ನು ಅಂಗಳಕ್ಕೆ, ಮನಿಪ್ಲಾಂಟನ್ನು ಕಿಟಕಿಯ ಹತ್ತಿರಕ್ಕೆ ಸರಿಸಿ. ಸಾರಜನಕ ಹೆಚ್ಚಾದರೂ ಹಸಿರೇ ಮೇಲುಗೈ ಪಡೆಯುವುದರಿಂದ ಗೊಬ್ಬರ ಹಾಕುವ ಯೋಚನೆ ಬಿಡಿ.

ಪ್ರಶ್ನೆ: ಕಾರವಾರದ ನಮ್ಮ ಕಚೇರಿಯಲ್ಲಿ ಇಟ್ಟಿರುವ ಡ್ರಸೀನಾ ಮತ್ತು ಪೀಸ್ ಲಿಲಿ ಗಿಡಗಳ ಎಲೆತುದಿ ಕಂದಾಗಿ ಒಣಗುತ್ತದೆ. ಎಪ್ಸಮ್ ಸಾಲ್ಟ್ ಹಾಕಿದರೆ ಸರಿಯಾಗುತ್ತದೆಂದು ಮೊಬೈಲಿನಲ್ಲಿ ಬಂದ ವಿಡಿಯೋದಲ್ಲಿ ನೋಡಿದೆ. ಹಾಕಬಹುದೇ?

ಉತ್ತರ: ಹಾಕಬೇಡಿ. ಎಪ್ಸಮ್ ಸಾಲ್ಟ್ ಎಂದರೆ ಮೆಗ್ನೀಸಿಯಂ ಸಲ್ಫೇಟ್. ಮೆಗ್ನೀಸಿಯಂ ಕಡಿಮೆಯಾದರೆ ಹಳೆಯ ಎಲೆಗಳ ನರಗಳ ನಡುವೆ ಹಳದಿ ಬರುತ್ತದೆ, ತುದಿ ಮಾತ್ರ ಕಂದಾಗುವುದಿಲ್ಲ. ನಿಮ್ಮಲ್ಲಿ ಆಗಿರುವುದು ಕೊರತೆಯಲ್ಲ, ಕುಂಡದಲ್ಲಿ ಲವಣ ಹೆಚ್ಚಾದದ್ದು. ಅದಕ್ಕೆ ಇನ್ನೊಂದು ಲವಣ ಸೇರಿಸಿದರೆ ತುದಿ ಮತ್ತಷ್ಟು ಸುಡುತ್ತದೆ. ಡ್ರಸೀನಾ ಬಳಗದ ಗಿಡಗಳಿಗೆ ಫ್ಲೋರೈಡ್ ಕೂಡ ಆಗದು, ಸೂಪರ್ ಫಾಸ್ಫೇಟಿನಲ್ಲಿ ಅದು ಇರುವುದರಿಂದ ಆ ಗೊಬ್ಬರವನ್ನು ಈ ಕುಂಡಗಳಿಂದ ದೂರವಿಡಿ. ಬಾವಿ ಅಥವಾ ಬೋರ್‌ವೆಲ್ ನೀರು ನಾಲಿಗೆಗೆ ಸವುಳು ಎನಿಸುವಂತಿದ್ದರೆ ಕಾರಣ ಅಲ್ಲಿಯೇ ಇದೆ. ಮಾಡಿನಿಂದ ಇಳಿಯುವ ಮಳೆನೀರನ್ನು ಮೊದಲ ಎರಡು ಮಳೆ ಕಳೆದ ಮೇಲೆ ಹಿಡಿದಿಟ್ಟುಕೊಂಡು, ಕುಂಡದ ಗಾತ್ರಕ್ಕಿಂತ ಎರಡು ಪಟ್ಟು ನೀರನ್ನು ನಿಧಾನವಾಗಿ ಸುರಿದು ತಳದ ತೂತಿನಿಂದ ಪೂರ್ತಿ ಬಸಿದುಹೋಗಲು ಬಿಡಿ. ಬಸಿದ ನೀರು ತಟ್ಟೆಯಲ್ಲಿ ನಿಂತರೆ ಚೆಲ್ಲಿಬಿಡಿ, ಇಲ್ಲವಾದರೆ ಅದೇ ಲವಣವನ್ನು ಗಿಡ ಮತ್ತೆ ಹೀರಿಕೊಳ್ಳುತ್ತದೆ. ಕಂದಾದ ತುದಿಯನ್ನು ಕತ್ತರಿಯಿಂದ ತೆಗೆಯುವಾಗ ಹಸಿರು ಭಾಗಕ್ಕೆ ತಾಗದಂತೆ, ಕೂದಲೆಳೆಯಷ್ಟು ಕಂದು ಉಳಿಸಿ ಕತ್ತರಿಸಿ.